ನಾಯಿಗೂ ಕಸರತ್ತು

ಮನುಷ್ಯರಿಗೆ ಲಕ್ವ ಹೊಡೆದರೆ ಫಿಸಿಯೋಥೆರಪಿ ಮಾಡಿಸುತ್ತಾರೆ ಎಂದು ಎಲ್ಲರಿಗೂ ಗೊತ್ತು. ನಾಯಿಗೂ ಮಾಡಿಸುತ್ತಾರೆ ಎಂದರೆ ನಮ್ಮ ಕ್ಲಾಸಿನವರು ನಗುತ್ತಾರೆ. ಗೆಳೆಯರೇ, ಮೊದಲು ಇದನ್ನು ಓದಿ, ಆಮೇಲೆ ಬೇಕಾದರೆ ನಗಿ.

ನಾನು ಇದನ್ನು ನೋಡಿದ್ದು ಬೆಂಗಳೂರಿನ ಬಿಟಿಎಂ ಲೇಔಟಿನಲ್ಲಿ. ಅಲ್ಲಿ ನಮ್ಮ ಚಿಕ್ಕಮ್ಮನ ಮನೆಯಿದೆ. ಬಿಟಿಎಂ ಅಂದರೆ ಏನೋ ದೊಡ್ಡ ಇಂಗ್ಲಿಷ್ ಅಂದುಕೊಂಡಿದ್ದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲ ಅಕ್ಷರ ಅಷ್ಟೆ! ಬೇಸಿಗೆ ರಜೆಯಲ್ಲಿ ನಾನು ಹೋದಾಗ ಮನೆ ಓನರ್ ಅವರ ನಾಯಿಗೆ ಹಿಂಗಾಲು ಎರಡೂ ಸ್ವಾಧೀನ ತಪ್ಪಿದ್ದವು. ಅದು ಡ್ಯಾಶ್‌ಹಂಡ್ ಜಾತಿ. ಮೈ ಉದ್ದ, ಕಾಲು ಗೇಣುದ್ದ. ಬೆನ್ನುಮೂಳೆಗಳ ನಡುವಿನ ಮೆತ್ತನೆಯ ಬಿಲ್ಲೆ ಜರುಗಿ ನರವನ್ನು ಒತ್ತುವ ಕಾಯಿಲೆ ಈ ಜಾತಿಗೆ ಹೆಚ್ಚು. ಆಪರೇಷನ್ ಆದಮೇಲೆ ವಾರಕ್ಕೆ ಎರಡು ಸಲ ಒಬ್ಬರು ಡಾಕ್ಟರಮ್ಮ ಮನೆಗೇ ಬರುತ್ತಿದ್ದರು. ಅವರು ಬಂದಾಗಲೆಲ್ಲ ನಾನು ಹೋಗಿ ಕೂರುತ್ತಿದ್ದೆನು.

ಮೊದಲು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ. ಆಮೇಲೆ ತೊಡೆಯನ್ನು ಮೆಲ್ಲಗೆ ಒತ್ತುವುದು. ಆಮೇಲೆ ಬೆರಳು, ಹಿಮ್ಮಡಿ, ಮಂಡಿ, ಸೊಂಟ ಹೀಗೆ ಒಂದೊಂದು ಕೀಲನ್ನೂ ಹತ್ತು ಹದಿನೈದು ಸಲ ಮಡಿಸಿ ಬಿಡಿಸುವುದು. "ಕಾಲು ಆಡದಿದ್ರೆ ಕೀಲು ಬಿಗಿಯುತ್ತೆ, ಮಾಂಸ ಕರಗುತ್ತೆ. ನರ ವಾಸಿಯಾಗೋ ಹೊತ್ತಿಗೆ ಕಾಲಲ್ಲಿ ಶಕ್ತಿ ಇರ್ಬೇಕಲ್ವಾ ಪುಟ್ಟಾ" ಎಂದರು. ಕೊನೆಗೆ ಹೊಟ್ಟೆಯ ಕೆಳಗೆ ಟವೆಲ್ ಹಾಕಿ, ಭಾರ ಹಿಡಿದು ನಿಲ್ಲಿಸುತ್ತಿದ್ದರು.

ಫೋನಿನಲ್ಲಿ ಇನ್ನೊಂದು ತೋರಿಸಿದರು. ಗಾಜಿನ ಪೆಟ್ಟಿಗೆಯಲ್ಲಿ ನೀರು, ನೀರಿನ ಕೆಳಗೆ ತಿರುಗುವ ಪಟ್ಟಿ, ಅದರ ಮೇಲೆ ನಾಯಿ ನಡೆಯುತ್ತದೆ! ನೀರು ಸೊಂಟದವರೆಗೆ ಇದ್ದರೆ ಕಾಲಿನ ಮೇಲೆ ಬೀಳುವ ಭಾರ ನೂರಕ್ಕೆ ಸುಮಾರು 38 ಮಾತ್ರ. ಅಂದರೆ 20 ಕೆಜಿ ನಾಯಿ ಏಳೂವರೆ ಕೆಜಿ ಹೊತ್ತರೆ ಸಾಕು. ಶೇಕಡಾ ಲೆಕ್ಕ ಇಲ್ಲಿ ಕೆಲಸಕ್ಕೆ ಬಂತು ಸಾರ್.

ಬೆಂಗಳೂರಿನಲ್ಲಿ ಬೀದಿ ನಾಯಿಗಳಿಗೂ ಆಸರೆ ಇದೆ. 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ವಯಸ್ಸಾದ ಅಮ್ಮ ಕೂಪಾ ಎಂಬ ಸಂಸ್ಥೆ ಕಟ್ಟಿದರು. 2013ರಲ್ಲಿ ಶುರುವಾದ ಇನ್ನೊಂದು ಸಂಸ್ಥೆಗೆ ಚಾರ್ಲಿ ಎಂಬ ಮೂರು ಕಾಲಿನ ನಾಯಿಯ ಹೆಸರನ್ನೇ ಇಟ್ಟಿದ್ದಾರೆ. ಸಿನಿಮಾದ ಚಾರ್ಲಿ ಬೇರೆ. 2022ರ ಆ '777 ಚಾರ್ಲಿ' ನೋಡಿ ನಮ್ಮ ಬೀದಿಯವರೆಲ್ಲ ಅತ್ತರು. ಮಾರನೇ ದಿನ ನಮ್ಮ ಕೆಂಚನಿಗೆ ಕಲ್ಲು ಬೀಳುವುದು ಮಾತ್ರ ತಪ್ಪಲಿಲ್ಲ.

ಕೆಂಚ ನಮ್ಮ ಮನೆ ನಾಯಿ. ಗೌರಿ ಹಬ್ಬದ ಹಿಂದಿನ ದಿನ ಅದಕ್ಕೆ ಒಂದು ಬೈಕು ಗುದ್ದಿತು. ಹಿಂಗಾಲು ಎಳೆದುಕೊಂಡು ಬಂದು ಜಗಲಿಯ ಕೆಳಗೆ ಬಿತ್ತು. "ಇದು ಉಳಿಯಾಕಿಲ್ಲ ಕಣ್ಲಾ, ಹೊಲದ ತಾವ ಬುಟ್ಬುಡು" ಎಂದಿತು ಅಜ್ಜಿ. ಅಪ್ಪ ಏನೂ ಅನ್ನಲಿಲ್ಲ. ಬೆನ್ನು ಅಲುಗಬಾರದೆಂದು ಹಲಗೆಯ ಮೇಲೆ ಮಲಗಿಸಿ, ಆಟೋದಲ್ಲಿ ಪಶು ಆಸ್ಪತ್ರೆಗೆ ತಂದರು.

ಅಲ್ಲಿ ಡಾಕ್ಟರು ಹಿಂಗಾಲಿನ ಬೆರಳನ್ನು ಜೋರಾಗಿ ಅದುಮಿದರು. ಕಾಲು ಹಿಂದಕ್ಕೆ ಎಳೆದುಕೊಂಡರೆ ಮಾತ್ರ ಸಾಲದು, ಅದು ತಾನಾಗಿಯೂ ಆಗುತ್ತದೆ. ನಾಯಿ ತಿರುಗಿ ನೋಡಬೇಕು, ಇಲ್ಲವೇ ಕುಂಯ್ ಅನ್ನಬೇಕು. ಆಗ ನೋವು ಮೆದುಳಿಗೆ ಮುಟ್ಟಿತು ಎಂದು ಅರ್ಥ. ಮುಟ್ಟದಿದ್ದರೆ ಮತ್ತೆ ನಡೆಯುವುದು ಬಹಳ ಕಷ್ಟ. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಕೆಂಚ ಗುರ್ ಎಂದು ತಿರುಗಿ ಡಾಕ್ಟರ ಕೈಗೇ ಬಾಯಿ ಹಾಕಿತು! "ಬದುಕ್ತು ಬಿಡು" ಎಂದು ಡಾಕ್ಟರು ನಕ್ಕರು. ನಾಯಿ ಕಚ್ಚಲು ಬಂದದ್ದಕ್ಕೆ ಅಷ್ಟು ಸಂತೋಷಪಟ್ಟವರು ನಮ್ಮೂರಲ್ಲಿ ನಾನೊಬ್ಬನೇ ಇರಬೇಕು.

ಅವರು ಹೇಳಿದಂತೆ ಮೂರು ವಾರ ಓಡಾಡಿಸದೆ ಮಲಗಿಸಿದೆವು. ಒಂದೇ ಮಗ್ಗುಲಲ್ಲಿ ಬಿಟ್ಟರೆ ಹುಣ್ಣಾಗುತ್ತದೆ, ಹೊರಳಿಸುತ್ತಿರಬೇಕು. ರಾತ್ರಿ ಪಾಳಿ ಅಪ್ಪನದು. ಆಮೇಲೆ ಡಾಕ್ಟರನ್ನು ಕೇಳಿಕೊಂಡೇ ಕಸರತ್ತು ಶುರು ಮಾಡಿದೆ, ಬೆಳಿಗ್ಗೆ ಒಮ್ಮೆ, ಸ್ಕೂಲಿನಿಂದ ಬಂದು ಒಮ್ಮೆ. ಗಾಜಿನ ಪೆಟ್ಟಿಗೆ ನಮಗೆಲ್ಲಿ ಬರಬೇಕು? ಪಂಪ್‌ಸೆಟ್ಟಿನ ತೊಟ್ಟಿಯೇ ಸಾಕಾಯಿತು. ಅಪ್ಪ ಎದೆ ಹಿಡಿದುಕೊಳ್ಳುತ್ತಾರೆ, ನಾನು ಸೊಂಟ. ನೀವು ಒಬ್ಬರೇ ಹಾಗೆ ನೀರಿಗೆ ಇಳಿಸಬೇಡಿ.

ಈಗ ಬಲಗಾಲು ಊರುತ್ತದೆ. ಎಡಗಾಲಿನ ಪಂಜ ಇನ್ನೂ ಮಗುಚಿಕೊಳ್ಳುತ್ತದೆ, ತರಚದಿರಲೆಂದು ನನ್ನ ಹಳೆಯ ಕಾಲುಚೀಲ ಹಾಕಿದ್ದೇನೆ. ದಿನದ ಲೆಕ್ಕವನ್ನು ರಫ್ ನೋಟ್ಸಿನ ಹಿಂದೆ ಬರೆಯುತ್ತೇನೆ. ನಿನ್ನೆ ಯಾರೂ ಹಿಡಿಯದೆ ನಾನು ಹದಿನಾಲ್ಕು ಎಣಿಸುವವರೆಗೆ ನಿಂತಿತ್ತು. "ಹದಿನೈದು ಅಂತ ಬರ್ಕೊಳ್ಲಾ" ಎಂದಿತು ಅಜ್ಜಿ. ನಾನು ಹದಿನಾಲ್ಕೇ ಬರೆದೆ.