ಎಂಟಾಣೆಗೊಂದು ವಿಕೆಟ್

ಕೊರಟಗೆರೆಯ ಯಾವ ಹುಡುಗನನ್ನು ಕೇಳಿದರೂ ಚಂದ್ರಶೇಖರ್, ಕುಂಬ್ಳೆ ಎಂದು ಥಟ್ಟನೆ ಹೇಳಿಯಾನು. ಅವರಿಗೂ ಬಹಳ ಹಿಂದೆ, 1876ರಲ್ಲಿ, ನಮ್ಮ ಧಾರವಾಡದಲ್ಲೇ ಹುಟ್ಟಿದ ಎಡಗೈ ಸ್ಪಿನ್ನರ್ ಪಲ್ವಂಕರ್ ಬಾಲೂ ಅವರ ಹೆಸರು ಮಾತ್ರ ಮೇಷ್ಟರುಗಳಿಗೂ ಅಪರಿಚಿತ.

ತಂದೆ ಸೇನೆಯ ನೌಕರ; ಜಾತಿಯಿಂದ ಚಮ್ಮಾರರು. ಪುಣೆಯಲ್ಲಿ ಸೇನಾಧಿಕಾರಿಗಳು ಬಿಸಾಡಿದ ಬ್ಯಾಟು, ಚೆಂಡುಗಳಿಂದಲೇ ಬಾಲೂ ಆಟ ಕಲಿತರು. ಮೊದಲ ಕೆಲಸ ಪಾರ್ಸಿ ಕ್ಲಬ್ಬೊಂದರಲ್ಲಿ ಪಿಚ್ ಗುಡಿಸಿ ರೋಲರ್ ಎಳೆಯುವುದು. ಸಂಬಳ ತಿಂಗಳಿಗೆ 3 ರೂಪಾಯಿ. ಆಮೇಲೆ ಯುರೋಪಿಯನ್ನರ ಪೂನಾ ಕ್ಲಬ್. ಅಲ್ಲಿ 4 ರೂಪಾಯಿ. ನೆಟ್ ಕಟ್ಟಬೇಕು, ಸಾಹೇಬರಿಗೆ ಬೌಲ್ ಮಾಡಬೇಕು. ಗ್ರೇಗ್ ಎಂಬ ಹೆಸರಾಂತ ಬ್ಯಾಟ್ಸ್‌ಮನ್ ತಾನು ಔಟಾದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನೆಂದು ಪ್ರತೀತಿ. ಲೆಕ್ಕ ಹಾಕಿ ನೋಡಿ: ಎಂಟು ಸಲ ಔಟಾದರೆ ಒಂದು ತಿಂಗಳ ಸಂಬಳ! ಬ್ಯಾಟು ಹಿಡಿಯುವ ಅವಕಾಶವನ್ನು ಮಾತ್ರ ಯಾರೂ ಕೊಡಲಿಲ್ಲ.

ಅಮೆರಿಕದ ಬೇಸ್‌ಬಾಲ್ ಪಿಚರ್ ಎಸೆದ ಚೆಂಡು ಪುಟಿಯುವುದಿಲ್ಲ. ಅದು ಗಾಳಿಯಲ್ಲೇ ಬಾಗಬೇಕು. ತಿರುಗುವ ಚೆಂಡಿನ ಒಂದು ಪಕ್ಕ ಗಾಳಿ ಬೇಗ, ಇನ್ನೊಂದು ಪಕ್ಕ ನಿಧಾನವಾಗಿ ಸರಿಯುತ್ತದೆ. ಒತ್ತಡ ಕಡಿಮೆಯಿರುವ ಕಡೆಗೆ ಚೆಂಡು ವಾಲುತ್ತದೆ. ಇದೇ ಮ್ಯಾಗ್ನಸ್ ಪರಿಣಾಮ. ಸ್ಪಿನ್ನರ್‌ಗೆ ಇದರ ಜೊತೆಗೆ ನೆಲದ ಘರ್ಷಣೆಯೂ ಒದಗುತ್ತದೆ. ದಿನವೂ ರೋಲರ್ ಎಳೆದವರಿಗೆ ಆ ನೆಲದ ಗುಣ ತಿಳಿಯದೆ ಇದ್ದೀತೆ?

ಪುಣೆಯ ಹಿಂದೂ ಕ್ಲಬ್ಬಿಗೆ ಸಾಹೇಬರನ್ನು ಸೋಲಿಸುವ ಆಸೆ. ಅಸ್ಪೃಶ್ಯನನ್ನು ಸೇರಿಸಿಕೊಳ್ಳಲು ಹಿಂಜರಿಕೆ. ಕೊನೆಗೆ ಆಸೆಯೇ ಗೆದ್ದಿತು. ಮೈದಾನದಲ್ಲಿ ಎಲ್ಲರೂ ಒಂದೇ ಚೆಂಡನ್ನು ಮುಟ್ಟುತ್ತಿದ್ದರು. ಚಹಾ ವೇಳೆಗೆ ಬಾಲೂಗೆ ಪೆವಿಲಿಯನ್ನಿನ ಹೊರಗೆ ಮಣ್ಣಿನ ಕುಡಿಕೆ. ಚರ್ಮದ ಚೆಂಡಿಗಿಲ್ಲದ ಮೈಲಿಗೆ ಬಟ್ಟಲಿಗೆ ಎಲ್ಲಿಂದ ಬಂತೋ!

1906ರಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಬಾಲೂ ಅವರ ಬೌಲಿಂಗ್ ಆ ಗೆಲುವಿನ ಆಧಾರ. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡ ಬಹುಪಾಲು ಸೋತರೂ ಬಾಲೂ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಅಷ್ಟಾದರೂ ಹಿಂದೂ ತಂಡದ ನಾಯಕ ಪಟ್ಟ ಅವರಿಗೆ ದಕ್ಕಲಿಲ್ಲ. ಅದು 1923ರಲ್ಲಿ ತಮ್ಮ ವಿಠ್ಠಲರಿಗೆ ಒಲಿಯಿತು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಆಗ ಬಾಲೂಗೆ 56 ವರ್ಷ.

1937ರ ಮುಂಬಯಿ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರ್ ಎದುರು ನಿಲ್ಲಿಸಿತು. ಒಂದು ಕಾಲಕ್ಕೆ ಬಾಲೂ ಅವರನ್ನು ಮೆಚ್ಚಿಕೊಂಡಿದ್ದವರು ಅಂಬೇಡ್ಕರ್. ಬಾಲೂ ಸುಮಾರು ಎರಡು ಸಾವಿರ ಮತಗಳಿಂದ ಸೋತರು. 1955ರ ಜುಲೈನಲ್ಲಿ ತೀರಿಕೊಂಡರು.