ಮಂಗೋಲಿಯಾದಿಂದ ಮಾಗಡಿಗೆ

ಗದಗದಿಂದ ಲಕ್ಷ್ಮೇಶ್ವರದ ಕಡೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಅರ್ಧ ಜನ ನಿದ್ದೆಯಲ್ಲಿದ್ದರು, ಉಳಿದವರು ಕಡಲೆ ದರದ ಚರ್ಚೆಯಲ್ಲಿದ್ದರು. ಮಾಗಡಿಗೆ ಟಿಕೆಟ್ ಕೇಳಿದಾಗ ಕಂಡಕ್ಟರ್ ನನ್ನ ಕೊರಳಿನ ಬೈನಾಕ್ಯುಲರ್ ನೋಡಿ, "ಹಕ್ಕಿ ನೋಡಾಕೇನ್ರಿ? ಊರಾಗ ಇಳೀಬ್ಯಾಡ್ರಿ, ಕೆರಿ ಹತ್ರನ ನಿಲ್ಲಸ್ತೀನಿ" ಎಂದರು. ದಕ್ಷಿಣದವರಿಗೆ ಮಾಗಡಿ ಎಂದರೆ ಕೆಂಪೇಗೌಡರ ಮಾಗಡಿ. ಇದು ಶಿರಹಟ್ಟಿ ತಾಲ್ಲೂಕಿನ ಮಾಗಡಿ, ಗದಗದಿಂದ ಸುಮಾರು 26 ಕಿಲೋಮೀಟರ್. ಕಿಟಕಿಯಾಚೆ ಎರೆಹೊಲಗಳು, ಬಿಳಿಜೋಳ, ನಡುನಡುವೆ ಮೊಣಕಾಲೆತ್ತರದ ಕಡಲೆ.

ಕೆರೆ ದೊಡ್ಡದೇನಲ್ಲ; ಹತ್ತಿರ ಹತ್ತಿರ 50 ಹೆಕ್ಟೇರ್. ಮಳೆ ನೀರು ಹಿಡಿದು ಹೊಲಗಳಿಗೆ ಬಿಡಲು ಮನುಷ್ಯರೇ ಕಟ್ಟಿದ್ದು. 2024ರ ಜನವರಿ ಕೊನೆಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆ ಇದಕ್ಕೂ, ಜಗತ್ತಿನ ಮಹತ್ವದ ಜೌಗು ನೆಲೆಗಳಿಗೆ ಸಲ್ಲುವ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿತು. ಚಳಿಗಾಲದಲ್ಲಿ ಇಲ್ಲಿಗೆ ಸುಮಾರು 8,000 ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ದಕ್ಷಿಣ ಭಾರತದಲ್ಲಿ ಅವುಗಳ ಅತಿ ದೊಡ್ಡ ನೆಲೆಗಳಲ್ಲಿ ಇದೂ ಒಂದು.

ನಾನು ದಂಡೆಗೆ ಬಂದಾಗ ನೀರಿನ ಮೇಲೆ ಸಣ್ಣ ಬಾತುಗಳಷ್ಟೇ ಇದ್ದವು. ಹೆಬ್ಬಾತುಗಳು ಕತ್ತಲಲ್ಲಿ ಹೊಲಕ್ಕೆ ಮೇಯಲು ಹೋಗಿ, ಬೆಳಕು ಹರಿದ ಮೇಲೆ ಕೆರೆಗೆ ಮರಳುತ್ತವೆ. ಮೊದಲು ಕೇಳಿಸಿದ್ದು ಸದ್ದು: ಮೂಗಿನಿಂದ ಹೊರಡುವ 'ಆಂಗ್, ಆಂಗ್'. ಆಮೇಲೆ ಒಂದು ಓರೆಗೆರೆ, ಅದರ ಹಿಂದೆ ಮತ್ತೊಂದು, ನೋಡನೋಡುತ್ತ ಅರ್ಧ ಆಕಾಶ. ನೀರು ಹತ್ತಿರವಾದಂತೆ ಸಾಲು ಮುರಿದು, ಕಿತ್ತಳೆ ಕಾಲುಗಳನ್ನು ಮುಂದೆ ಚಾಚಿ, ಒಂದರ ಮೇಲೊಂದು ಬಿದ್ದಂತೆ ಇಳಿದವು. ಬೂದು ಮೈ, ಬಿಳಿ ತಲೆ, ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ. ಎರಡು ಮೂರು ಕೆ.ಜಿ. ತೂಗುವ ಹಕ್ಕಿ. ಹಿಮಾಲಯ ದಾಟಿ ಬಂದದ್ದು ಇದೇ ಎಂದು ಯಾರಾದರೂ ಹೇಳದಿದ್ದರೆ ನಂಬುವಂತಿಲ್ಲ.

ಹಿಮಾಲಯದ ಮಾತು ಬಂದರೆ ಎವರೆಸ್ಟ್ ಕಥೆ ಬಂದೇ ಬರುತ್ತದೆ. ಈ ಹೆಬ್ಬಾತುಗಳು ಎವರೆಸ್ಟ್ ತುದಿಯ ಮೇಲೆ ಹಾರುತ್ತವೆಂದು ಎಷ್ಟೋ ಪುಸ್ತಕಗಳು ಬರೆದವು. 1954ರಲ್ಲಿ ಲಾರೆನ್ಸ್ ಸ್ವಾನ್ ಎಂಬ ಜೀವವಿಜ್ಞಾನಿ ಮಕಾಲು ಪರ್ವತದ ಕೆಳಗಿನ ಹಿಮನದಿಯ ಮೇಲೆ ರಾತ್ರಿ ನಿಂತಿದ್ದಾಗ, ತಲೆಯ ಮೇಲೆ ಎಲ್ಲೋ ಎತ್ತರದಲ್ಲಿ ಇವುಗಳ ಕೂಗು ಕೇಳಿದ್ದ. ಕತ್ತಲಲ್ಲಿ ಕೇಳಿದ ಕೂಗು ಎಷ್ಟು ಎತ್ತರದ್ದೆಂದು ಅಳೆಯುವುದು ಹೇಗೆ? ಮುಂದೆ ಹಕ್ಕಿಗಳ ಬೆನ್ನಿಗೆ ಉಪಗ್ರಹ ಸಾಧನ ಕಟ್ಟಿ ಹಿಂಬಾಲಿಸಿದಾಗ ಸಿಕ್ಕ ಗರಿಷ್ಠ ಎತ್ತರ 7,290 ಮೀಟರ್. ಬಹುಪಾಲು ಹಾರಾಟ 5,500 ಮೀಟರಿಗಿಂತ ಕೆಳಗೇ. ಕಥೆ ಕುಗ್ಗಿತು ಎಂದು ಕೊರಗಬೇಕಿಲ್ಲ, ನಿಜ ಇನ್ನೂ ಚೆನ್ನಾಗಿದೆ. ಬಯಲಿನಿಂದ ಹೊರಟ ಹಕ್ಕಿ ಏಳೆಂಟು ಗಂಟೆಗಳಲ್ಲಿ ಹಿಮಾಲಯ ಹತ್ತಿ ಮುಗಿಸುತ್ತದೆ. ಗಾಳಿ ಬೆನ್ನಿಗೆ ಬರಲೆಂದು ಕಾಯುವುದಿಲ್ಲ. ಬದಲಿಗೆ ಗಾಳಿ ತಣ್ಣಗೆ, ದಟ್ಟವಾಗಿ, ಶಾಂತವಾಗಿರುವ ರಾತ್ರಿ ಮತ್ತು ನಸುಕನ್ನು ಆರಿಸಿಕೊಳ್ಳುತ್ತದೆ. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮೈಯೊಳಗೇ ಯಂತ್ರವಿಟ್ಟು ಎದೆಬಡಿತ ಎಣಿಸಿದರು. ಒಮ್ಮೆ ಎತ್ತರಕ್ಕೇರಿ ಅಲ್ಲೇ ನೇರ ಸಾಗುವುದಿಲ್ಲ ಇವು. ಬೆಟ್ಟ ಎದ್ದರೆ ಏಳುತ್ತವೆ, ಕಣಿವೆ ಇಳಿದರೆ ಇಳಿಯುತ್ತವೆ. ಗಳಿಸಿದ ಎತ್ತರವನ್ನು ಕಳೆದುಕೊಂಡು ಮತ್ತೆ ಹತ್ತುವುದು ದಂಡ ಅನ್ನಿಸುತ್ತದೆ. ಆದರೆ ತೆಳುಗಾಳಿಯಲ್ಲಿ ರೆಕ್ಕೆಬಡಿತ ಸ್ವಲ್ಪ ಹೆಚ್ಚಿದರೂ ಹೃದಯದ ದುಡಿಮೆ ವಿಪರೀತ ಏರುತ್ತದೆ. ಹತ್ತಿಳಿಯುವುದೇ ಅಗ್ಗ.

ರಕ್ತವೂ ಇದಕ್ಕೆ ತಕ್ಕಂತಿದೆ. ಇವುಗಳ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬೇರೆ ಬಾತುಗಳದ್ದಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ. ಇದನ್ನೆಲ್ಲ ಪರೀಕ್ಷಿಸಲು ಜೆಸಿಕಾ ಮೀರ್ ಎಂಬ ವಿಜ್ಞಾನಿ ಮರಿಗಳನ್ನು ಮೊಟ್ಟೆಯೊಡೆದ ಕ್ಷಣದಿಂದ ತಾವೇ ಸಾಕಿ, ಮುಖಕ್ಕೆ ಮಾಸ್ಕ್ ಹಾಕಿ, ಗಾಳಿಸುರಂಗದಲ್ಲಿ ಕಡಿಮೆ ಆಮ್ಲಜನಕದಲ್ಲಿ ಹಾರಿಸಿದರು. ಮರಿಗಳು ಅವರನ್ನೇ ಅಮ್ಮ ಎಂದುಕೊಂಡಿದ್ದವು. 2019ರಲ್ಲಿ ಆ ಪ್ರಬಂಧ ಪ್ರಕಟವಾದ ತಿಂಗಳಲ್ಲೇ ಅಮ್ಮ ಬಾಹ್ಯಾಕಾಶ ನಿಲ್ದಾಣಕ್ಕೆ ಹಾರಿದರು!

ಬದುವಿನ ಮೇಲೆ ಕೂತಿದ್ದ ಹಿರಿಯರೊಬ್ಬರು ನನ್ನನ್ನು ಗಮನಿಸುತ್ತಲೇ ಇದ್ದರು. ಹೊಲ ಪಕ್ಕದಲ್ಲೇ ಇತ್ತು. ಹತ್ತಿರ ಹೋಗಿ, "ಯಾವಾಗ ಬರ್ತಾವೆ ಅಜ್ಜಾರೆ ಇವು?" ಎಂದೆ.

"ದೀಪಾವಳಿ ಆದಮ್ಯಾಲ ಒಂದೊಂದ ಗುಂಪು ಬರಾಕ ಹತ್ತಾವ್ರಿ. ಬಿಸಲು ಜೋರಾತಂದ್ರ ಹೊಂಟವು." ಕೈಯಲ್ಲಿದ್ದ ಹಸಿ ಕಡಲೆ ಗಿಡವನ್ನು ನನ್ನ ಕಡೆ ಚಾಚಿದರು. "ತಿನ್ರಿ, ಸುಲಗಾಯಿ. ಅವು ಬಿಟ್ಟಿದ್ದು ಇದ."

ಕಾಯಿ ಸುಲಿಯುತ್ತ ಕೆರೆ ನೋಡಿದೆ. ತಲೆಗೆ ಪಟ್ಟೆಯಿಲ್ಲದ, ನೆತ್ತಿ ಕಂದಾದ ಹಕ್ಕಿಗಳು ಅಲ್ಲಲ್ಲಿ ಕಾಣುತ್ತಿದ್ದವು. ಅವು ಆ ವರ್ಷದ ಮರಿಗಳು. ಪ್ರತಿಯೊಂದರ ಪಕ್ಕದಲ್ಲೂ ಪಟ್ಟೆಯಿರುವ ದೊಡ್ಡವು. ಹೆಬ್ಬಾತುಗಳಲ್ಲಿ ಮೊದಲ ಚಳಿಗಾಲ ಪೂರ್ತಿ ಸಂಸಾರ ಒಡೆಯುವುದಿಲ್ಲ. ದಾರಿಯ ಗುಟ್ಟು ಬಹುಪಾಲು ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ವಲಸೆಯನ್ನು ನಾವು 'ಹುಟ್ಟುಗುಣ' ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಹುಟ್ಟುಗುಣ ಇಲ್ಲವೆಂದಲ್ಲ, ಸೂರ್ಯ, ನಕ್ಷತ್ರ, ಭೂಮಿಯ ಕಾಂತಕ್ಷೇತ್ರ ಎಲ್ಲವನ್ನೂ ಹಕ್ಕಿಗಳು ದಿಕ್ಸೂಚಿಯಾಗಿ ಬಳಸುತ್ತವೆ. ಆದರೆ ದಿಕ್ಕು ಬೇರೆ, ಊರು ಬೇರೆ. 1958ರಲ್ಲಿ ಪರ್ಡೆಕ್ ಎಂಬ ಡಚ್ ವಿಜ್ಞಾನಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಹೇಗ್ ಬಳಿ ಹಿಡಿದ 11,000ಕ್ಕೂ ಹೆಚ್ಚು ಸ್ಟಾರ್ಲಿಂಗ್ ಹಕ್ಕಿಗಳನ್ನು ವಿಮಾನದಲ್ಲಿ ಸ್ವಿಟ್ಜರ್ಲೆಂಡಿಗೆ ಒಯ್ದು ಬಿಟ್ಟರು. ಮರಿಗಳು ಹಳೆಯ ದಿಕ್ಕನ್ನೇ ಹಿಡಿದು ಸ್ಪೇನ್ ಕಡೆ ಹೋದವು. ಹಿಂದೊಮ್ಮೆ ಹೋಗಿಬಂದಿದ್ದ ಹಿರಿಯವು ಮಾತ್ರ ದಿಕ್ಕು ತಿದ್ದಿಕೊಂಡು ತಮ್ಮ ಮಾಮೂಲಿ ನೆಲೆಯತ್ತ ತಿರುಗಿದವು. ಅಮೆರಿಕದ ವೂಪಿಂಗ್ ಕೊಕ್ಕರೆಗಳ ಲೆಕ್ಕವೂ ಹಾಗೇ: ಹಿರಿಯ ಹಕ್ಕಿಯಿರುವ ಗುಂಪು ದಾರಿ ತಪ್ಪುವುದು ಕಡಿಮೆ.

ಮಾಗಡಿಗೆ ಇದು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಕಟ್ಟಿದ ಕೆರೆಯ ವಿಳಾಸ ಹಕ್ಕಿಯ ರಕ್ತದಲ್ಲಿ ಬರೆದಿರಲು ಸಾಧ್ಯವಿಲ್ಲ. ಯಾವುದೋ ಗುಂಪು ಒಂದು ಚಳಿಗಾಲ ಇಲ್ಲಿ ಇಳಿದಿರಬೇಕು, ಮರುವರ್ಷ ಮರಿಗಳನ್ನು ಕರೆತಂದಿರಬೇಕು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹಕ್ಕಿಗಳು ನಮ್ಮ ಮೈಸೂರು ಸೀಮೆಯ ಕೆರೆಗಳಲ್ಲೂ ಕಂಡಿವೆ. ಆ ಆಸೆಯಿಂದ ಒಂದೊಂದೇ ಕತ್ತು ನೋಡುತ್ತ ಹೋದೆ. ಬಿಸಿಲು ಏರಿತು, ಪಟ್ಟಿ ಸಿಗಲಿಲ್ಲ.

ಅಜ್ಜ ಎದ್ದು ಬಂದು ಕೇಳಿದರು: "ಎಲ್ಲಿಂದ ಬರ್ತಾವಂದ್ರಿ?"

"ಟಿಬೆಟ್, ಮಂಗೋಲಿಯಾ. ಚಳಿಗಾಲದಲ್ಲಿ ಅಲ್ಲಿ ಕೆರೆಗಳೇ ಹೆಪ್ಪುಗಟ್ಟುತ್ತವೆ."

"ಹಂಗಾರ ಇಲ್ಲೇ ಇರಬೇಕಲ್ಲ, ತಿರುಗಿ ಯಾಕ ಹೋಗ್ತಾವು?"

ಬೇಸಿಗೆಯಲ್ಲಿ ಅಲ್ಲಿ ಹಗಲು ಉದ್ದ, ಮರಿಗಳಿಗೆ ಎಳೆ ಹುಲ್ಲು ಯಥೇಚ್ಛ, ಕೆರೆಯ ನಡುಗಡ್ಡೆಗಳಲ್ಲಿ ಗೂಡಿಟ್ಟರೆ ನರಿಯ ಕಾಟ ಕಡಿಮೆ ಎಂದು ವಿವರಿಸಿದೆ. ಅವರು ಸಮಾಧಾನವಾದಂತೆ ಕಾಣಲಿಲ್ಲ.

"ಅಲ್ಲಿ ಹೊಲಾ ಯಾರ್ದು?"

"ಹೊಲ ಕಡಿಮೆ. ಕುರಿ, ಕುದುರೆ ಮೇಯಿಸುವ ಹುಲ್ಲುಗಾವಲು."

"ಕಡ್ಲಿ ಬೆಳಿಯೂದಿಲ್ಲೇನು?"

"ಇಲ್ಲ."

"ಅದ ಮತ್ತ" ಎಂದರು ಅಜ್ಜ. "ನೀವು ಚಳಿ, ಚಳಿ ಅಂತೀರಿ."