ಅಂಗಳದ ಹಳೆಯ ಕಾರಿನಲ್ಲಿ ಯಾರ ಪಾಲು?

ಸಹೋದರಿ, ನಿಮ್ಮ ಮನೆಯಂಗಳದಲ್ಲೂ ಟಾರ್ಪಾಲು ಹೊದ್ದುಕೊಂಡ ಒಂದು ಹಳೆಯ ಕಾರು ನಿಂತಿರಬಹುದು. ಮಕ್ಕಳು ಹೊಸದನ್ನು ಕೊಂಡ ಮೇಲೆ ಅದನ್ನು ಯಾರೂ ಓಡಿಸುವುದಿಲ್ಲ. ಮಳೆಗಾಲದಲ್ಲಿ ಸೀಟಿಗೆ ಬೂಸ್ಟು ಹಿಡಿಯುತ್ತದೆ, ಬೇಸಿಗೆಯಲ್ಲಿ ಅದರಡಿ ಬೆಕ್ಕು ಮರಿ ಹಾಕುತ್ತದೆ. ಒಂದು ದಿನ ಮನೆಯವರಲ್ಲಿ ಯಾರಾದರೂ, "ಇದನ್ನು ಯತೀಂಖಾನಕ್ಕೆ ಕೊಟ್ಟುಬಿಡೋಣ, ಪುಣ್ಯವಾದರೂ ಸಿಗಲಿ" ಎನ್ನುತ್ತಾರೆ.

ಆ 'ಆದರೂ' ಎಂಬ ಪದ ನನ್ನನ್ನು ಸ್ವಲ್ಪ ಚುಚ್ಚುತ್ತದೆ. ಮಾರಲು ಹೋದರೆ ಬೆಲೆ ಬಾರದು, ಇಟ್ಟುಕೊಂಡರೆ ಜಾಗಕ್ಕೆ ತೊಂದರೆ, ಹಾಗಾದರೆ ಅಲ್ಲಾಹನ ಮಾರ್ಗದಲ್ಲಿ ಕೊಡೋಣ ಎಂಬ ಲೆಕ್ಕಾಚಾರ ಅದರೊಳಗೆ ಅಡಗಿರುವುದುಂಟು.

ನಮ್ಮ ಮನೆಯಲ್ಲಿದ್ದದ್ದು 2009ರ ಮಾರುತಿ ಓಮ್ನಿ. ಕರಾವಳಿಯವರಿಗೆ ಓಮ್ನಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದ ಈ ವಾಹನದ ತಯಾರಿಕೆ ನಿಂತದ್ದು 2019ರಲ್ಲಿ. ಅಷ್ಟು ವರ್ಷ ಅದು ನಮ್ಮೂರುಗಳಲ್ಲಿ ಅಡಿಕೆ ಚೀಲ ಹೊತ್ತಿದೆ, ಮದುವೆಯ ಸಾಮಾನು ಸಾಗಿಸಿದೆ, ನಡುರಾತ್ರಿ ಹೆರಿಗೆ ನೋವಿನವರನ್ನು ಆಸ್ಪತ್ರೆಗೆ ಮುಟ್ಟಿಸಿದೆ. ನನ್ನ ಮಾವ ಆ ಗಾಡಿಯನ್ನು ನೆರೆಹೊರೆಯ ಯಾರು ಕೇಳಿದರೂ ಇಲ್ಲವೆನ್ನುತ್ತಿರಲಿಲ್ಲ. 2023ರಲ್ಲಿ ಅವರು ತೀರಿಕೊಂಡರು. ನಲವತ್ತು ದಿನ ಕಳೆಯುವ ಮೊದಲೇ ಗಲ್ಫ್‌ನಲ್ಲಿರುವ ನನ್ನ ಮೈದುನ ಫೋನ್ ಮಾಡಿ, "ಬಾಪಾರ ಹೆಸರಿನಲ್ಲಿ ಗಾಡಿಯನ್ನು ಯತೀಂಖಾನಕ್ಕೆ ಕೊಡೋಣ" ಎಂದ. ಮೂವರು ಅಣ್ಣತಮ್ಮಂದಿರೂ ಎರಡೇ ನಿಮಿಷದಲ್ಲಿ ಒಪ್ಪಿಬಿಟ್ಟರು. ಅವರ ಉದ್ದೇಶ ಒಳ್ಳೆಯದೇ ಆಗಿತ್ತು, ಅದರಲ್ಲಿ ಸಂಶಯವಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಮಾತ್ರ, "ಹೆಣ್ಣುಮಕ್ಕಳನ್ನು ಕೇಳಿದಿರಾ?" ಎಂದರು.

ಯಾರೂ ಕೇಳಿರಲಿಲ್ಲ. ತೋಟ, ಮನೆ ಎಂದರೆ ಪಾಲಿನ ಮಾತು ಬರುತ್ತದೆ. ಕಾರು, ಕಪಾಟು, ಹೊಲಿಗೆ ಯಂತ್ರ ಎಂದರೆ ಅದು ಮನೆಯ ಸಾಮಾನು, ಗಂಡುಮಕ್ಕಳು ನೋಡಿಕೊಳ್ಳುತ್ತಾರೆ ಎಂಬುದು ನಮ್ಮಲ್ಲಿನ ರೂಢಿ. ಆದರೆ ಶರೀಅತ್‌ನಲ್ಲಿ ಹಾಗಿಲ್ಲ. ಮೃತರ ಕಫನ್ ದಫನ್ ಮುಗಿದು, ಸಾಲ ತೀರಿ, ಮೂರನೆಯ ಒಂದಂಶದೊಳಗಿನ ವಸಿಯ್ಯತ್ ಇದ್ದರೆ ಅದೂ ಸಂದ ಮೇಲೆ ಉಳಿದುದೆಲ್ಲವೂ ವಾರಸುದಾರರದು. ಗಾಡಿಯ ಕೀಲಿಕೈ ಯಾರ ಬಳಿ ಇದೆ ಎಂಬುದರಿಂದ ಹಕ್ಕು ಬದಲಾಗುವುದಿಲ್ಲ. ಮದ್ರಸದಲ್ಲಿ ಫರಾಇಝ್ ಕಲಿಯುವಾಗ ನಮ್ಮ ಉಸ್ತಾದರು ಒಂಟೆ ಮತ್ತು ದಿರ್ಹಮ್‌ಗಳ ಉದಾಹರಣೆ ಕೊಡುತ್ತಿದ್ದರು. ಅದೇ ಪಾಠವನ್ನು ಓಮ್ನಿಗೆ ಅನ್ವಯಿಸಿದ್ದು ನಾನು ಅದೇ ಮೊದಲ ಸಲ.

ನಮ್ಮಲ್ಲಿದ್ದ ವಾರಸುದಾರರು ಅತ್ತೆ, ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಗಾಡಿಗೆ 64,000 ರೂಪಾಯಿ ಬೆಲೆ ಎಂದಿಟ್ಟುಕೊಳ್ಳಿ. ಎಂಟನೆಯ ಒಂದಂಶ, ಅಂದರೆ 8,000 ಅತ್ತೆಗೆ. ಉಳಿದ 56,000ದಲ್ಲಿ ಒಬ್ಬೊಬ್ಬ ಮಗನಿಗೆ 14,000, ಒಬ್ಬೊಬ್ಬ ಮಗಳಿಗೆ 7,000. ಮೊತ್ತ ದೊಡ್ಡದಲ್ಲ. ಆದರೆ ನನ್ನ ಕಿರಿಯ ನಾದಿನಿಯ ಗಂಡ ಬೆನ್ನುನೋವಿನಿಂದ ಕೆಲಸ ಬಿಟ್ಟು ವರ್ಷವಾಗಿತ್ತು. ಆ ಮನೆಯಲ್ಲಿ ಏಳು ಸಾವಿರ ಎಂದರೆ ಎರಡು ತಿಂಗಳ ದಿನಸಿ.

ಆಕೆಗೆ ಫೋನ್ ಮಾಡಿ ಕೇಳಿದಾಗ, "ನೀವೆಲ್ಲ ಒಪ್ಪಿದ ಮೇಲೆ ನನ್ನದೇನಿದೆ? ಕೊಡಿ" ಎಂದಳು. ಗಂಡಸರು ಇದನ್ನು ಒಪ್ಪಿಗೆ ಎಂದುಕೊಳ್ಳುತ್ತಾರೆ. ಆ ಸ್ವರವನ್ನು ನಾವು ಹೆಂಗಸರು ಚೆನ್ನಾಗಿ ಬಲ್ಲೆವು. ಮೂವರು ಅಣ್ಣಂದಿರು ಪುಣ್ಯದ ಕೆಲಸಕ್ಕೆ ಕೈ ಹಾಕಿರುವಾಗ, "ನನ್ನ ಪಾಲು ನನಗೆ ಕೊಡಿ" ಎನ್ನುವ ಧೈರ್ಯ ಯಾವ ತಂಗಿಗಿದೆ? ತವರಿನ ಬಾಗಿಲು ಮುಚ್ಚೀತು ಎಂಬ ಹೆದರಿಕೆಯೇ ಆಕೆಯ ಬಾಯಿಂದ 'ಕೊಡಿ' ಎನ್ನಿಸುತ್ತದೆ. ಸಂಕೋಚಕ್ಕೆ ಬಿದ್ದು ಬಿಟ್ಟುಕೊಟ್ಟದ್ದು ಮನಸಾರೆ ಕೊಟ್ಟದ್ದಾಗುವುದಿಲ್ಲ. ಆದ್ದರಿಂದಲೇ ಮೊದಲು ಪಾಲು ಮಾಡಿ, ಅವರವರದನ್ನು ಅವರವರ ಕೈಗೆ ಕೊಟ್ಟು, ಆಮೇಲೆ ಬೇಕೆನಿಸಿದರೆ ಅವರು ದಾನ ಮಾಡಲಿ ಎಂದು ಉಲಮಾಗಳು ಹೇಳುವುದು. ವಾರಸುದಾರರಲ್ಲಿ ಪ್ರಾಯಕ್ಕೆ ಬಾರದ ಮಕ್ಕಳಿದ್ದರಂತೂ ಅವರ ಪಾಲನ್ನು ದಾನ ಕೊಡುವ ಅಧಿಕಾರ ತಾಯಿಗೂ ಇಲ್ಲ, ಅಣ್ಣನಿಗೂ ಇಲ್ಲ.

ಮದೀನಾದ ಅಬೂ ತಲ್ಹಾ(ರ) ಅವರ ವಿಷಯ ನಿಮಗೆ ತಿಳಿದಿರಬಹುದು. ಪ್ರಿಯವಾದುದನ್ನು ವ್ಯಯಿಸದೆ ಪುಣ್ಯದ ಮಟ್ಟ ತಲುಪಲಾಗದು ಎಂಬ ಆಶಯದ ಸೂಕ್ತ ಆಲು ಇಮ್ರಾನ್ ಅಧ್ಯಾಯದಲ್ಲಿ ಅವತೀರ್ಣವಾದಾಗ ಅವರು ತಮಗೆ ಅತ್ಯಂತ ಪ್ರಿಯವಾಗಿದ್ದ ಬೈರುಹಾ ಎಂಬ ಖರ್ಜೂರದ ತೋಟವನ್ನು ದಾನವಾಗಿ ಪ್ರವಾದಿಯವರ(ಸ) ಮುಂದಿಟ್ಟರು. ಅದನ್ನು ನಿಮ್ಮ ಬಂಧುಗಳಿಗೇ ಹಂಚಿ ಎಂದು ಪ್ರವಾದಿ(ಸ) ಸೂಚಿಸಿದರು. ಇದನ್ನು ನಾನು ಇವರಿಗೆ ನೆನಪಿಸಿದೆ. ಇವರು ತುಸು ಹೊತ್ತು ಸುಮ್ಮನಿದ್ದು ತಮ್ಮಂದಿರಿಗೆ ಫೋನ್ ಮಾಡಿದರು. ತಂಗಿಯರಿಬ್ಬರ ಪಾಲಿನ ಹಣವನ್ನು ಅಣ್ಣತಮ್ಮಂದಿರು ಕೈಯಿಂದ ಹಾಕಿ, ಅತ್ತೆಯೇ ಅದನ್ನು ಅವರವರ ಮನೆಗೆ ಹೋಗಿ ಮುಟ್ಟಿಸಿದರು. ಹಿರಿಯ ನಾದಿನಿ ಮರುದಿನವೇ, "ಗಾಡಿಗೆ ಹೊಸ ಟೈರ್ ಹಾಕಿಸಿ" ಎಂದು ಹಣ ಹಿಂದೆ ಕಳಿಸಿದಳು. ಕಿರಿಯವಳು ಇಟ್ಟುಕೊಂಡಳು. ಇಟ್ಟುಕೊಂಡದ್ದು ನನಗೆ ಹೆಚ್ಚು ಸಂತೋಷ ಕೊಟ್ಟಿತು.

ಇನ್ನು ಯತೀಂಖಾನದ ಕಥೆ ಕೇಳಿ. ಅಲ್ಲಿನ ಮೇನೇಜರರು ನೇರ ಮಾತಿನ ಮನುಷ್ಯ. "ಟೀಚರ್, ಜಝಾಕಲ್ಲಾಹ್. ಆದರೆ ಡ್ರೈವರ್‌ನ ಸಂಬಳ, ಇನ್ಸೂರೆನ್ಸ್, ಪೆಟ್ರೋಲು ಯಾರು ಕೊಡುತ್ತಾರೆ? ಹೀಗೆ ಬಂದ ಎರಡು ಗಾಡಿ ಹಿತ್ತಿಲಲ್ಲಿ ನಿಂತಿವೆ, ನೋಡಿ" ಎಂದರು. ನೋಡಿದೆ. ಒಂದರ ಕಿಟಕಿಯಿಂದ ಬಳ್ಳಿ ಹೊರಗೆ ಇಣುಕುತ್ತಿತ್ತು. ದಾನಿಯ ಹೆಸರು ಮಾತ್ರ ಹಿಂಬದಿಯ ಗಾಜಿನಲ್ಲಿ ಇನ್ನೂ ಸ್ಪಷ್ಟವಾಗಿತ್ತು. ಕಣ್ಣು ಮುಚ್ಚಿಕೊಂಡಲ್ಲದೆ ನೀವೇ ಸ್ವೀಕರಿಸದಂಥ ಕೆಟ್ಟ ವಸ್ತುವನ್ನು ದಾನಕ್ಕೆಂದು ಆರಿಸಬೇಡಿ ಎಂಬ ಆಜ್ಞೆ ಅಲ್‌ಬಕರ ಅಧ್ಯಾಯದಲ್ಲಿದೆ. ಬ್ರೇಕ್ ಹಿಡಿಯದ ಗಾಡಿಯಲ್ಲಿ ನಿಮ್ಮ ಮೊಮ್ಮಕ್ಕಳನ್ನು ಕೂರಿಸುತ್ತೀರಾ? ಹಾಗಾದರೆ ಯತೀಮರನ್ನು ಹೇಗೆ ಕೂರಿಸುವುದು?

ಕೊನೆಗೆ ನಮ್ಮ ಓಮ್ನಿ ಹೋದದ್ದು ಪಕ್ಕದೂರಿನ ಯುವಕರ ಒಂದು ಟ್ರಸ್ಟಿಗೆ. ಅವರು ಡಯಾಲಿಸಿಸ್ ರೋಗಿಗಳನ್ನು ಉಚಿತವಾಗಿ ಕರೆದೊಯ್ಯುತ್ತಾರೆ. ತಾಲೂಕು ಸರಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತವಾಗಿದ್ದರೂ ವಾರಕ್ಕೆ ಎರಡು ಮೂರು ಸಲ ಹೋಗಬೇಕು, ಪ್ರತಿ ಸಲ ಸುಮಾರು ನಾಲ್ಕು ತಾಸು ಮಲಗಬೇಕು. ಬಡವರನ್ನು ಸೋಲಿಸುವುದು ಆಟೋ ಬಾಡಿಗೆ. ಹಗ್ಗದಂತೆ ಸೊರಗಿದ ಆ ಜನರು ಬಸ್ಸಿನಲ್ಲಿ ನಿಂತು ಬರಲಾರರು.

ಕಾಗದಪತ್ರದ ಕೆಲಸ ಬೇಸರದ್ದು, ಆದರೂ ಹೇಳಲೇಬೇಕು. ಮಾಲಿಕರು ತೀರಿಕೊಂಡರೆ ಮೂವತ್ತು ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಹಾಕಿ ಆರ್‌ಸಿಯನ್ನು ವಾರಸುದಾರರ ಹೆಸರಿಗೆ ಮಾಡಿಸಬೇಕು. ಅಲ್ಲಿಂದ ಸಂಸ್ಥೆಯ ಹೆಸರಿಗೆ ವರ್ಗಾಯಿಸಲು ನಮೂನೆ 29 ಮತ್ತು 30. ಕೀಲಿಕೈ ಕೊಟ್ಟರೆ ಮುಗಿಯಿತು ಎಂದುಕೊಳ್ಳಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲಿಕರು, ಅಪಘಾತವಾದರೆ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಇನ್ಸೂರೆನ್ಸನ್ನೂ ಹೊಸ ಹೆಸರಿಗೆ ಬದಲಿಸಬೇಕು. ನಮ್ಮ ಗಾಡಿಗೆ 2024ರಲ್ಲಿ ಹದಿನೈದು ವರ್ಷ ತುಂಬುವುದಿತ್ತು. ನೋಂದಣಿ ನವೀಕರಣದ ಶುಲ್ಕ 2022ರಲ್ಲಿ 600ರಿಂದ 5,000 ರೂಪಾಯಿಗೆ ಏರಿತ್ತು. ಆ ಮೊತ್ತವನ್ನೂ ಗಾಡಿಯ ಜೊತೆಗೇ ಕೊಟ್ಟೆವು. ಆಂಬುಲೆನ್ಸ್ ಎಂದು ಬರೆದು ಸೈರನ್ ಹಾಕಲು ಹುಡುಗರಿಗೆ ಆಸೆಯಿತ್ತು. ಆಂಬುಲೆನ್ಸ್‌ಗೆ ನೋಂದಣಿಯೂ ನಿಯಮಗಳೂ ಬೇರೆ ಎಂದು ಇವರು ತಿಳಿಹೇಳಿದರು.

ಕೊಟ್ಟ ಮೇಲೆ ಕೈ ಬಿಡುವುದೂ ಕಷ್ಟವೇ. ಹಝ್ರತ್ ಉಮರ್(ರ) ಅಲ್ಲಾಹನ ಮಾರ್ಗದಲ್ಲಿ ಒಬ್ಬರಿಗೆ ಕುದುರೆ ಕೊಟ್ಟಿದ್ದರು. ಪಡೆದವರು ಅದನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ. ಅಗ್ಗಕ್ಕೆ ಸಿಕ್ಕೀತೆಂದು ಮರಳಿ ಕೊಳ್ಳಲು ಬಯಸಿದಾಗ ಪ್ರವಾದಿ(ಸ) ಅವರನ್ನು ತಡೆದರು. ಒಂದು ದಿರ್ಹಮಿಗೆ ಸಿಕ್ಕರೂ ಬೇಡವೆಂದರು.

ಕಳೆದ ವರ್ಷ ರಜೆಯಲ್ಲಿ ಬಂದಿದ್ದ ಮೈದುನ, ಮದುವೆಯೊಂದಕ್ಕೆ ಸಾಮಾನು ಸಾಗಿಸಲು, "ಆ ಟ್ರಸ್ಟಿನವರಿಗೆ ಒಂದು ಮಾತು ಹೇಳಿ ಓಮ್ನಿ ತರಲೇ? ನಮ್ಮದೇ ಗಾಡಿಯಲ್ಲವೇ" ಎಂದ. ಅತ್ತೆ ತಸ್ಬೀಹ್ ನಿಲ್ಲಿಸಿ ತಲೆಯೆತ್ತಿದರು.

"ಪೇಟೆಯಲ್ಲಿ ಬಾಡಿಗೆ ಗಾಡಿ ಸಿಗುತ್ತದೆ. ಹೋಗಿ ಗೊತ್ತುಮಾಡು."